ಜೆಟ್ ನಿಜ, ಡ್ಯಾಂ ನಿಜ, ಜೋಡಿ ಮಾತ್ರ ಸುಳ್ಳು

ಪ್ರಶ್ನೆ: ಸರ್, ನಾವು ಗಂಗಾವತಿಯ ಏಳೆಂಟು ಜನ ಗೆಳೆಯರು, ಎಲ್ಲರಿಗೂ ಕಾರಿನ ಹುಚ್ಚು. ಭಾನುವಾರ ಬಂತಂದ್ರ ಗಾಡಿ ತಗೊಂಡು ಮುನಿರಾಬಾದ್ ತನಕ ಹೋಗಿ, ಒಗ್ಗರಣಿ ಮಿರ್ಚಿ ತಿಂದು ಬರೋದು ರೂಢಿ. ಈಗ ನಮ್ಮ ವಾಟ್ಸ್ಆ್ಯಪ್ ಗುಂಪಿನಾಗ ಒಂದು ಫೋಟೋ ಬಂದೈತಿ. ನೀರಿಗೆ ತಾಗೋ ಹಂಗ ಕೆಳಗ ಒಂದು ಫೈಟರ್ ಜೆಟ್, ಅದರ ನಡು ಸುತ್ತ ಬಿಳಿ ಮೋಡದ ಬಳೆ, ಹಿಂದ ನೀರು ಎದ್ದೈತಿ, ಅದರಾಚೆ ಗೇಟು ತೆಗೆದ ಡ್ಯಾಂ. ಮ್ಯಾಲೆ ‘ತುಂಗಭದ್ರಾ ಹಿನ್ನೀರಿನ ಮೇಲೆ ರಫೇಲ್’ ಅಂತ ಬರದಾರ. ಒಬ್ಬ ಅದು ಶಬ್ದದ ವೇಗ ದಾಟಿದ ಕ್ಷಣ ಅಂತಾನ. ಗ್ಯಾರೇಜ್ ಇಟ್ಟಿರೋ ಗೆಳೆಯ, ಹಂಗಾಗಿದ್ರ ಹೊಸಪೇಟಿ ಕಿಟಕಿ ಗಾಜು ಉಳೀತಿದ್ವೇನು, ಇದು ಎಐ ಫೋಟೋ ಅಂತಾನ. ಮೊಬೈಲ್ ಅಂಗಡಿಯವ ಒಂದು ಆ್ಯಪಿಗೆ ಹಾಕಿದ, ಅದು ಶೇ 60 ನಿಜ ಅಂತು. ಸೋತವರು ಎಲ್ಲರ ನಾಷ್ಟಾ ದುಡ್ಡು ಕೊಡಬೇಕು ಅಂತ ಪಣ ಕಟ್ಟೀವಿ. ಹೈವೇ ಮ್ಯಾಲೆ ಜೆಟ್ ಇಳಿದ ಫೋಟೋ ಬಗ್ಗೆನೂ ಹಿಂಗ ಜಗಳ ಐತಿ. ಫೋಟೋ ಕಳಿಸೀನಿ. ನಿಜಾನೋ ಸುಳ್ಳೋ?

ಉತ್ತರ: ನಿಮ್ಮ ಗುಂಪಿನ ವಾದ ಮುಗಿಯದೆ ಉಳಿದಿರುವುದಕ್ಕೆ ಕಾರಣ ಪಣ ಕಟ್ಟಿದ ರೀತಿ. ‘ನಿಜವೋ ಸುಳ್ಳೋ’ ಎಂಬ ಒಂದೇ ಮಾತಿನಲ್ಲಿ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ವಿಮಾನ ನಿಜವಾದದ್ದೇ? ಅದರ ಸುತ್ತಲಿನ ಬಿಳಿ ಮೋಡ ನಿಸರ್ಗದಲ್ಲಿ ಆಗುವಂಥದ್ದೇ? ಫೋಟೋದ ಮೇಲೆ ಬರೆದ ಜಾಗ ಮತ್ತು ಹೆಸರು ಸರಿಯೇ? ಮೂರಕ್ಕೂ ಬೇರೆ ಬೇರೆ ಉತ್ತರ ಬರಬಹುದು, ನಿಮ್ಮ ಫೋಟೋದಲ್ಲಿ ಬಂದೂ ಇದೆ. ಇಂಥ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ ಏನೆಂದರೆ, ಜನ ಅನುಮಾನ ಪಡುವುದು ನಿಜವಾದ ಭಾಗವನ್ನು, ಪ್ರಶ್ನೆಯೇ ಕೇಳದೆ ನಂಬುವುದು ಮೇಲೆ ಬರೆದ ಒಕ್ಕಣೆಯನ್ನು.

ಮೊದಲು ಮೋಡದ ಮಾತು. ಅದು ಹೊಗೆಯಲ್ಲ, ಎಂಜಿನ್ನಿಂದ ಬಂದದ್ದೂ ಅಲ್ಲ. ಗಾಳಿಯಲ್ಲೇ ಇದ್ದ ನೀರಾವಿ ಹನಿಗಟ್ಟಿದ್ದು. ವಿಮಾನ ಶಬ್ದದ ವೇಗದ ಹತ್ತಿರ ಹೋದಾಗ ಅದರ ರೆಕ್ಕೆ, ಕಾಕ್‌ಪಿಟ್‌ನ ಗಾಜಿನ ಗುಮ್ಮಟ, ಮೈಯ ಉಬ್ಬಿನ ಮೇಲೆ ಹರಿಯುವ ಗಾಳಿ ಇನ್ನೂ ಜೋರಾಗಿ ನುಗ್ಗುತ್ತದೆ. ಅಲ್ಲಿ ಒತ್ತಡ ಕುಸಿಯುತ್ತದೆ, ಒತ್ತಡದ ಜೊತೆ ಉಷ್ಣಾಂಶವೂ ಇಳಿಯುತ್ತದೆ. ಟೈರಿನ ವಾಲ್ವ್ ಪಿನ್ ಒತ್ತಿದಾಗ ಹೊರಗೆ ಬರುವ ಗಾಳಿ ಬೆರಳಿಗೆ ತಣ್ಣಗೆ ತಾಗುವುದು ನಿಮಗೆಲ್ಲ ಗೊತ್ತಿರುವುದೇ. ಇಲ್ಲಿ ಆಗುವುದೂ ಅದೇ ಥರದ್ದು. ಉಷ್ಣಾಂಶ ಇಬ್ಬನಿ ಬಿಂದುವಿಗಿಂತ ಕೆಳಗಿಳಿದರೆ ಆವಿ ಸಣ್ಣ ಹನಿಗಳಾಗಿ ಬೆಳ್ಳಗೆ ಕಾಣುತ್ತದೆ. ಸ್ವಲ್ಪ ಹಿಂದಕ್ಕೆ ಆಘಾತ ತರಂಗ ನಿಂತಿರುತ್ತದೆ. ಅದನ್ನು ದಾಟಿದ ಕೂಡಲೇ ಒತ್ತಡ ಥಟ್ಟನೆ ಏರಿ, ಗಾಳಿ ಬೆಚ್ಚಗಾಗಿ ಹನಿಗಳು ಮಾಯವಾಗುತ್ತವೆ. ಆದ್ದರಿಂದಲೇ ಈ ಮೋಡ ಮೂಗಿನ ಕಡೆ ಚೂಪಾಗಿ ಶುರುವಾಗಿ, ಬಾಲದ ಕಡೆ ಅಗಲವಾಗಿ, ಹಿಂದುಗಡೆ ತಟ್ಟೆ ಇಟ್ಟು ಕತ್ತರಿಸಿದಂತೆ ನೇರವಾಗಿ ಮುಗಿಯುತ್ತದೆ. ಈ ಆಕಾರ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಅಗಲವಾದ ಬಾಯಿ ಮೂಗಿನ ಕಡೆಗಿದ್ದರೆ, ಅಥವಾ ಮೋಡ ಹೊಗೆಯಂತೆ ಹಿಂದಕ್ಕೆ ಬಾಲ ಬಿಟ್ಟಿದ್ದರೆ, ಬಿಡಿಸಿದವರಿಗೆ ಅಥವಾ ಬಿಡಿಸಿದ ಯಂತ್ರಕ್ಕೆ ಒಳಗಿನ ಕಾರಣ ಗೊತ್ತಿಲ್ಲ ಎಂದೇ ಲೆಕ್ಕ.

ಹಾಗಾದರೆ ಅದು ಶಬ್ದವೇಗ ದಾಟಿದ ಕ್ಷಣವೇ? ಅಲ್ಲ. ವಿಮಾನ ಒಟ್ಟಾರೆ ಶಬ್ದವೇಗಕ್ಕಿಂತ ಕೆಳಗಿದ್ದರೂ ಅದರ ಮೈ ಮೇಲಿನ ಕೆಲವು ಕಡೆ ಗಾಳಿ ಆ ಮಿತಿ ದಾಟಿರುತ್ತದೆ, ಮೋಡ ಹುಟ್ಟಲು ಅಷ್ಟು ಸಾಕು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,256 ಕಿಲೋಮೀಟರ್. ಅದರ ಶೇ 90ರ ಆಸುಪಾಸಿನಲ್ಲಿ, ಅಂದರೆ ಸುಮಾರು 1,130 ಕಿ.ಮೀ. ವೇಗದಲ್ಲಿ, ಗಾಳಿ ತೇವವಾಗಿದ್ದರೆ ಈ ಮೋಡ ಕಾಣಿಸಿಕೊಳ್ಳಬಹುದು. ಸಮುದ್ರದ ಮೇಲಿನ ವಾಯುಪ್ರದರ್ಶನಗಳಲ್ಲಿ ತೆಗೆದ ಇಂಥ ಬಹುಪಾಲು ಫೋಟೋಗಳು ಶಬ್ದವೇಗ ದಾಟದ ಹಾರಾಟದವೇ. ಈ ಬಗೆಯ ಚಿತ್ರಗಳಲ್ಲಿ ಅತ್ಯಂತ ಹೆಸರಾದದ್ದು 1999ರ ಜುಲೈ 7ರಂದು ಅಮೆರಿಕ ನೌಕಾಪಡೆಯ ಜಾನ್ ಗೇ, ಯುಎಸ್‌ಎಸ್ ಕಾನ್‌ಸ್ಟೆಲೇಷನ್ ಹಡಗಿನ ಮೇಲಿಂದ ತೆಗೆದ ಎಫ್/ಎ-18 ಹಾರ್ನೆಟ್ ಫೋಟೋ. ಎಐ ಚಿತ್ರಗಳ ಕಾಲಕ್ಕಿಂತ ಎಷ್ಟೋ ಮೊದಲಿನದು, ನೂರಕ್ಕೆ ನೂರು ಅಸಲಿ.

ಗ್ಯಾರೇಜ್ ಗೆಳೆಯರ ಕಿಟಕಿ ಗಾಜಿನ ವಾದದಲ್ಲಿ ಅರ್ಧ ಸತ್ಯವಿದೆ. ಅಷ್ಟು ಕೆಳಗೆ ನಿಜಕ್ಕೂ ಶಬ್ದವೇಗ ಮೀರಿ ಹಾರಿದ್ದರೆ ಗಾಜು ಒಡೆಯುವುದು ದೊಡ್ಡ ಮಾತಲ್ಲ. ಆದರೆ ಮೋಡ ಇದ್ದ ಮಾತ್ರಕ್ಕೆ ವೇಗ ದಾಟಿದೆ ಎಂದಾಗದಿದ್ದ ಮೇಲೆ, ಸದ್ದು ಕೇಳಲಿಲ್ಲ ಎಂಬುದು ಮೋಡ ಸುಳ್ಳು ಎನ್ನಲು ಪುರಾವೆಯೂ ಆಗದು. ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಗಟ್ಟಿಯಾಗಿ ಬೇರೂರಿದೆ: ವಿಮಾನ ಶಬ್ದವೇಗ ಮೀರಿದಾಗ ಕೇಳುವ ಸ್ಫೋಟದಂಥ ಸದ್ದು, ವೇಗ ದಾಟುವ ಒಂದು ಕ್ಷಣದಲ್ಲಿ ಮಾತ್ರ ಆಗುತ್ತದೆ ಎಂಬುದು. ವಿಮಾನ ಶಬ್ದವೇಗಕ್ಕಿಂತ ಮೇಲಿರುವಷ್ಟು ಹೊತ್ತೂ ಆ ಆಘಾತ ತರಂಗವನ್ನು ನೆಲದ ಮೇಲೆ ಎಳೆದುಕೊಂಡೇ ಹೋಗುತ್ತದೆ. ದಾರಿಯಲ್ಲಿರುವ ಪ್ರತಿ ಊರಿಗೂ ತನ್ನ ಸರದಿ ಬಂದಾಗ ‘ಧಡ್’ ಎನ್ನುತ್ತದೆ. 2020ರ ಮೇ 20ರಂದು ಬೆಂಗಳೂರಿಗೆ ಬೆಂಗಳೂರೇ ಬೆಚ್ಚಿಬಿದ್ದ ಸದ್ದು ನಿಮಗೆ ನೆನಪಿರಬಹುದು. ಅದು ವಾಯುಪಡೆಯ ಪರೀಕ್ಷಾ ಹಾರಾಟದ್ದು. ವಿಮಾನ 36ರಿಂದ 40 ಸಾವಿರ ಅಡಿ ಎತ್ತರದಲ್ಲಿ ವೇಗ ತಗ್ಗಿಸುತ್ತಿದ್ದಾಗ ಕೇಳಿಸಿರಬೇಕು ಎಂದು ರಕ್ಷಣಾ ಇಲಾಖೆ ಹೇಳಿತ್ತು. ಅಷ್ಟು ಮೇಲಿದ್ದರೂ ಊರು ನಡುಗುವ ಸದ್ದು ಅದು.

ನಮ್ಮ ಸೀಮೆಗೆ ಅನ್ವಯಿಸುವ ಒಂದು ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸಮುದ್ರದ ಮೇಲೆ 30 ಡಿಗ್ರಿ ಉಷ್ಣಾಂಶ, ಶೇ 80 ಆರ್ದ್ರತೆ ಇದ್ದರೆ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಗಾಳಿಯ ಒತ್ತಡ ಹತ್ತನೇ ಒಂದು ಭಾಗ ಕುಸಿದರೆ ಉಷ್ಣಾಂಶ ಸುಮಾರು 9 ಡಿಗ್ರಿ ಇಳಿಯುತ್ತದೆ. ಮೋಡ ಕಟ್ಟಲು ಅದು ಧಾರಾಳ. ಅದೇ ಏಪ್ರಿಲ್ ತಿಂಗಳಿನ ರಾಯಚೂರನ್ನು ತಗೊಳ್ಳಿ. ಮಧ್ಯಾಹ್ನ 40 ಡಿಗ್ರಿ, ಆರ್ದ್ರತೆ ಶೇ 20 ಎಂದಿಟ್ಟುಕೊಂಡರೆ ಇಬ್ಬನಿ ಬಿಂದು ಸುಮಾರು 13 ಡಿಗ್ರಿ. ಒತ್ತಡ ಕುಸಿದಂತೆ ಆ ಬಿಂದುವೂ ಇನ್ನಷ್ಟು ಕೆಳಗೆ ಸರಿಯುವುದರಿಂದ, ಗಾಳಿ 30 ಡಿಗ್ರಿಗೂ ಹೆಚ್ಚು ತಣ್ಣಗಾಗಬೇಕು. ಅದಕ್ಕೆ ಮೂರರಲ್ಲಿ ಒಂದು ಪಾಲಿನಷ್ಟು ಒತ್ತಡ ಬೀಳಬೇಕಾಗುತ್ತದೆ. ಆದ್ದರಿಂದ ರಾಯಚೂರು, ಬಳ್ಳಾರಿಯ ಬೇಸಿಗೆಯ ಒಣ ಮಧ್ಯಾಹ್ನದಲ್ಲಿ ವಿಮಾನದ ನಡು ಸುತ್ತ ದಟ್ಟವಾದ ಮೋಡ ತೋರಿಸುವ ಫೋಟೋ ಬಂದರೆ ಮೊದಲು ತಿಂಗಳು ಯಾವುದು ಎಂದು ಕೇಳಿ. ಮಳೆಗಾಲದ ತೇವದ ಬೆಳಗಿನಲ್ಲಾದರೆ ಮಾತು ಬೇರೆ. ನಿಮ್ಮ ಫೋಟೋದಲ್ಲಿ ಡ್ಯಾಂನ ಗೇಟು ತೆರೆದಿದೆ, ಅಂದರೆ ಮಳೆಗಾಲ. ಮೋಡದ ವಿಚಾರದಲ್ಲಿ ಮಾತ್ರ ಈ ಚಿತ್ರಕ್ಕೆ ಅಡ್ಡಿಯಿಲ್ಲ. ಕೆಳಗೆ ಹಾರಿದ ಜೆಟ್ಟಿನ ಹಿಂದೆ ನೀರು ತುಂತುರಾಗಿ ಏಳುವುದೂ ಆಗುವಂಥದ್ದೇ.

ಈಗ ಮೇಲಿನ ಒಕ್ಕಣೆಗೆ ಬರೋಣ. ವಿಮಾನದ ಬಾಲ ನೋಡಿ. ಹೊರಕ್ಕೆ ವಾಲಿದ ಎರಡು ಲಂಬ ರೆಕ್ಕೆಗಳಿವೆ. ರಫೇಲ್‌ಗೆ ಇರುವುದು ಒಂದೇ. ಜೊತೆಗೆ ರಫೇಲ್‌ಗೆ ತ್ರಿಕೋನ ರೆಕ್ಕೆ, ಕಾಕ್‌ಪಿಟ್ ಪಕ್ಕದಲ್ಲಿ ಎರಡು ಪುಟ್ಟ ಮುಂಭಾಗದ ರೆಕ್ಕೆ ಇರುತ್ತವೆ. ನಿಮ್ಮ ಚಿತ್ರದಲ್ಲಿರುವುದು ಅಮೆರಿಕದ ಎಫ್/ಎ-18 ಸೂಪರ್ ಹಾರ್ನೆಟ್. ಎಂಜಿನ್ನಿಗೆ ಗಾಳಿ ಹೋಗುವ ಬಾಯಿ ಚೌಕಾಕಾರವಾಗಿರುವುದು ಅದರ ಗುರುತು. ಹಳೆಯ ಹಾರ್ನೆಟ್‌ದು ದುಂಡಗಿರುತ್ತದೆ. ಈ ವಿಮಾನ ನಮ್ಮ ಯಾವ ಪಡೆಯಲ್ಲೂ ಇಲ್ಲ. 2022ರಲ್ಲಿ ಗೋವಾದ ನೌಕಾಪಡೆ ವಿಮಾನನೆಲೆ ಐಎನ್‌ಎಸ್ ಹಂಸಕ್ಕೆ ಪರೀಕ್ಷೆಗೆ ಬಂದಿತ್ತು ನಿಜ, ಆದರೆ ನೌಕಾಪಡೆಗೆ 2025ರ ಏಪ್ರಿಲ್‌ನಲ್ಲಿ ಒಪ್ಪಂದವಾದದ್ದು 26 ರಫೇಲ್-ಎಂ ವಿಮಾನಗಳಿಗೆ. ಕಾರಿನ ಟೈಲ್ ಲ್ಯಾಂಪ್ ನೋಡಿ ಮಾಡೆಲ್ ವರ್ಷ ಹೇಳುವ ನಿಮ್ಮ ಗುಂಪಿಗೆ ವಿಮಾನದ ಬಾಲ ಗುರುತಿಸುವುದು ಒಂದು ಸಂಜೆಯ ಕಲಿಕೆ.

ಹೆಸರು ತಪ್ಪಾದ ಮಾತ್ರಕ್ಕೆ ಫೋಟೋ ಸುಳ್ಳಾಗುವುದಿಲ್ಲ. ಜೋಡಣೆ ಗೊತ್ತಾಗುವುದು ಬೇರೆ ಕಡೆ. ಫೋಟೋ ದೊಡ್ಡದು ಮಾಡಿ ಆ ಬಿಳಿ ಬಳೆಯ ಅಂಚಿನ ಹತ್ತಿರ ಹೋಗಿ. ಅದು ತೆಳ್ಳನೆಯ ಪರದೆ, ಅದರ ಮೂಲಕ ಹಿಂದಿನದು ಮಸುಕಾಗಿ ಕಾಣಲೇಬೇಕು. ಬಳೆಯ ಹಿಂದೆ ಇರುವುದು ಡ್ಯಾಂನ ಕಲ್ಲಿನ ಗೋಡೆ ಮತ್ತು ಗೇಟಿನ ಕಪ್ಪು ಗೆರೆಗಳು. ಆದರೆ ಪರದೆಯೊಳಗೆ ಕಾಣುವುದು ತಿಳಿ ನೀಲಿ. ಅದು ಮೂಲ ಚಿತ್ರದ ಆಕಾಶ. ಲೋಹದ ಅಂಚನ್ನು ಕತ್ತರಿಸಿ ಅಂಟಿಸುವುದು ಸುಲಭ, ಅರೆಪಾರದರ್ಶಕವಾದ ಮೋಡವನ್ನು ಕತ್ತರಿಸುವುದು ಬಹಳ ಕಷ್ಟ. ಕೈ ಹಾಕಿದವರು ಎಡವುವುದು ಅಲ್ಲೇ.

ಎರಡನೆಯದು ಎಂಜಿನ್ನಿನ ಹಿಂದೆ. ಬಿಸಿ ಗಾಳಿಯ ಆಚೆಗಿರುವ ನೇರ ಗೆರೆಗಳು ಬಳುಕಿದಂತೆ ಕಾಣಬೇಕು, ಬೇಸಿಗೆಯಲ್ಲಿ ಡಾಂಬರು ರಸ್ತೆಯ ಮೇಲೆ ದೂರದ ಲಾರಿ ಕಂಡಂತೆ. ಇಲ್ಲಿ ಎಕ್ಸಾಸ್ಟ್ ಹಿಂದಿನ ಗೇಟಿನ ಕಂಬಗಳು ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರವಾಗಿವೆ. ಎಂಜಿನ್ನಿನ ಶಾಖ ಆ ಗೋಡೆಯ ಮುಂದೆ ಎಂದೂ ಹಾದುಹೋಗಿಲ್ಲ.

ಮೂರನೆಯದು ನಿಮ್ಮೂರಿನವರಿಗೇ ಚೆನ್ನಾಗಿ ಗೊತ್ತಾಗುವ ವಿಚಾರ. ಚಿತ್ರದಲ್ಲಿ ಗೇಟುಗಳಿಂದ ನೀರು ಬೆಳ್ಳಗೆ ಧುಮುಕುತ್ತಿದೆ. ಆ ನೋಟ ಸಿಗುವುದು ಡ್ಯಾಂನ ಕೆಳಭಾಗದಿಂದ, ನದಿಯ ಕಡೆಯಿಂದ. ಹಿನ್ನೀರಿನ ಕಡೆಯಿಂದ ನೋಡಿದರೆ ನೀರು ಧುಮುಕುವುದು ಕಾಣುವುದಿಲ್ಲ. ‘ಹಿನ್ನೀರಿನ ಮೇಲೆ’ ಎಂದು ಬರೆದವರು ಅಣೆಕಟ್ಟೆಯ ತಪ್ಪು ಬದಿಯ ಚಿತ್ರ ಹಾಕಿದ್ದಾರೆ. ಕೆಳಗಿನ ಬದಿಯಲ್ಲಿ ಬಂಡೆಗಳ ನಡುವೆ ನುಗ್ಗುವ ಹೊಳೆ ಇರುತ್ತದೆ. ಚಿತ್ರದಲ್ಲಿರುವಂಥ ಹಸಿರು ನೀಲಿಯ, ಅಲೆಯೇಳುವ, ವಿಶಾಲವಾದ ನೀರು ಅಲ್ಲಿಲ್ಲ. ಡ್ಯಾಂನ ಬುಡದಲ್ಲಿ ಈ ಎರಡು ನೀರು ಸೇರುವ ಕಡೆ ಒಂದು ನೇರ ಗೀಟು ಕಾಣುತ್ತದೆ. ಮೇಲರ್ಧ ತುಂಗಭದ್ರೆ, ಕೆಳಗರ್ಧ ಸಮುದ್ರ.

ಎಐ ಮಾಡಿದ್ದೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಅಲ್ಲ, ಹಳೆಯ ರೀತಿಯ ಕತ್ತರಿಸಿ ಅಂಟಿಸುವ ಕೆಲಸ. ಗೇಟು ಎಣಿಸಿದರೆ 33 ಬರುತ್ತವೆ, ನಮ್ಮ ಡ್ಯಾಂಗೆ ಇರುವಷ್ಟೇ. ಅಗಲವೂ ಒಂದೇ ಸಮ ಇದೆ. ಎಐ ಚಿತ್ರಗಳು ಇಂಥ ಉದ್ದನೆಯ ಸಾಲುಗಳನ್ನು ಎಣಿಕೆ ತಪ್ಪದೆ ಬಿಡಿಸುವುದು ಅಪರೂಪ. ವಿಮಾನದ ಬಾಲದ ಮೇಲಿನ ಅಕ್ಷರಗಳೂ ಸರಿಯಾಗಿ ಓದಲು ಬರುತ್ತವೆ.

ಈ 33 ಗೇಟುಗಳು ಅಳತೆಗೋಲಾಗಿಯೂ ಕೆಲಸಕ್ಕೆ ಬರುತ್ತವೆ. ಒಂದು ಗೇಟಿನ ಅಗಲ 60 ಅಡಿ, ಅಂದರೆ 18.3 ಮೀಟರ್. ಸೂಪರ್ ಹಾರ್ನೆಟ್‌ನ ಉದ್ದವೂ 18.3 ಮೀಟರ್. ವಿಮಾನ ಡ್ಯಾಂನ ಪಕ್ಕಕ್ಕೇ ಅಡ್ಡಲಾಗಿ ಹಾರಿದ್ದರೆ ಒಂದು ಗೇಟಿನಷ್ಟೇ ಉದ್ದ ಕಾಣಬೇಕು. ನಿಮ್ಮ ಚಿತ್ರದಲ್ಲಿ ಐದು ಗೇಟಿನಷ್ಟಿದೆ. ಕ್ಯಾಮೆರಾದಿಂದ ಡ್ಯಾಂ ಇರುವ ದೂರದ ಐದನೇ ಒಂದು ಪಾಲಿನಲ್ಲಿ ವಿಮಾನ ಇದ್ದರೆ ಇದು ಸಾಧ್ಯ, ಹಾಗಾಗಿ ಇದೊಂದೇ ಅದನ್ನು ಸುಳ್ಳು ಮಾಡುವುದಿಲ್ಲ. ದೂರದ್ದನ್ನು ಹತ್ತಿರ ಎಳೆದು ತೋರಿಸುವ ಲೆನ್ಸಿನಲ್ಲಿ ಮುಂದಿನದೂ ಹಿಂದಿನದೂ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ‘ಅಷ್ಟು ದೊಡ್ಡದು ಹೇಗೆ ಕಾಣ್ತು’ ಎಂಬ ಒಂದೇ ಕಾರಣಕ್ಕೆ ಫೋಟೋ ತಳ್ಳಿಹಾಕಬೇಡಿ.

ನೀವೇ ಪರೀಕ್ಷೆ ಮಾಡಬೇಕೆಂದರೆ ಮೊದಲು ಮಾಡಬೇಕಾದದ್ದು ಮೂಲ ಫೈಲ್ ಕೇಳುವುದು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ, ದಿನಾಂಕ, ಕ್ಯಾಮೆರಾ, ಶಟರ್ ವೇಗ (ಕ್ಯಾಮೆರಾ ಬೆಳಕಿಗೆ ತೆರೆದಿದ್ದ ಹೊತ್ತು) ಇರುವ ಒಳಮಾಹಿತಿಯನ್ನು ಅಳಿಸುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಅದು ಉಳಿಯುತ್ತದೆ. ಇದರಲ್ಲೂ ಅಪಾಯವಿದೆ: ಆ ಮಾಹಿತಿಯನ್ನು ಯಾರು ಬೇಕಾದರೂ ತಿದ್ದಬಹುದು, ಕ್ಯಾಮೆರಾದ ಗಡಿಯಾರವೇ ತಪ್ಪಿರಲೂಬಹುದು. ಹಾಗಾಗಿ ಶಟರ್ ವೇಗ ಸಿಕ್ಕರೆ ಚಿತ್ರದೊಂದಿಗೆ ತಾಳೆ ನೋಡಿ. 1,130 ಕಿ.ಮೀ. ವೇಗದ ವಿಮಾನ ಸೆಕೆಂಡಿನ 2,000ದ ಒಂದು ಭಾಗದಲ್ಲಿ ಸುಮಾರು 16 ಸೆಂಟಿಮೀಟರ್ ಸರಿಯುತ್ತದೆ, 250ರ ಒಂದು ಭಾಗದಲ್ಲಿ ಒಂದೂಕಾಲು ಮೀಟರ್. ಚಿತ್ರದಲ್ಲಿ ವಿಮಾನ 500 ಪಿಕ್ಸೆಲ್ ಉದ್ದವಿದ್ದರೆ ಮೊದಲನೆಯದು ನಾಲ್ಕೈದು ಪಿಕ್ಸೆಲ್ ಕದಡು, ಎರಡನೆಯದು ಮೂವತ್ತನಾಲ್ಕು. ಕ್ಯಾಮೆರಾ ಸ್ಥಿರವಾಗಿದ್ದರೆ ವಿಮಾನ ಕದಡಬೇಕು. ವಿಮಾನದ ಜೊತೆ ಕ್ಯಾಮೆರಾ ತಿರುಗಿಸಿದ್ದರೆ ಹಿನ್ನೆಲೆ ಅಷ್ಟೇ ಕದಡಬೇಕು. ನಿಧಾನ ಶಟರ್ ಎಂದು ಹೇಳಿಕೊಂಡು ವಿಮಾನ, ಹಿನ್ನೆಲೆ ಎರಡೂ ಚಾಕುವಿನಷ್ಟು ಚೂಪಾಗಿದ್ದರೆ, ಆ ಮಾಹಿತಿಯೋ ಚಿತ್ರವೋ ಒಂದು ಸುಳ್ಳು.

ಮುಂದಿನದು ಚಿತ್ರ ಹುಡುಕಾಟ. ಗೂಗಲ್ ಲೆನ್ಸ್‌ಗೆ ಇಡೀ ಫೋಟೋ ಹಾಕಿ ಸುಮ್ಮನಾಗಬೇಡಿ. ವಿಮಾನವನ್ನಷ್ಟೇ ಕತ್ತರಿಸಿ ಒಮ್ಮೆ, ಹಿನ್ನೆಲೆಯನ್ನಷ್ಟೇ ಒಮ್ಮೆ, ಎಡಬಲ ತಿರುವು ಹಾಕಿ ಮತ್ತೊಮ್ಮೆ ಹುಡುಕಿ. ಕಳ್ಳತನ ಗೊತ್ತಾಗಬಾರದೆಂದು ಕನ್ನಡಿಯಂತೆ ತಿರುಗಿಸಿ ಅಂಟಿಸುವುದು ಸಾಮಾನ್ಯ. ಟಿನ್‌ಐ ಎಂಬ ಹುಡುಕಾಟದಲ್ಲಿ ಫಲಿತಾಂಶಗಳನ್ನು ಹಳೆಯದರಿಂದ ಜೋಡಿಸಿ ನೋಡಬಹುದು. ಬೇರೆ ಹಿನ್ನೆಲೆಯ ಹಳೆಯ ಚಿತ್ರ ಸಿಕ್ಕರೆ ಕೆಲಸ ಮುಗಿಯಿತು. ಏನೂ ಸಿಗದಿದ್ದರೆ ಫೋಟೋ ಅಸಲಿ ಎಂದು ತಿಳಿಯಬಾರದು, ಸಿಗಲಿಲ್ಲ ಅಷ್ಟೇ.

ನಿಮ್ಮ ಮೊಬೈಲ್ ಅಂಗಡಿ ಗೆಳೆಯರ ಆ್ಯಪ್‌ನ ಶೇ 60ಕ್ಕೆ ನಾನು ಬೆಲೆ ಕೊಡುವುದಿಲ್ಲ. ಹತ್ತಾರು ಗುಂಪು ದಾಟಿ ಬಂದ ಚಿತ್ರ ಪ್ರತಿ ಸಲ ಉಳಿಸಿ ಕಳಿಸಿದಾಗಲೂ ಮತ್ತೆ ಮತ್ತೆ ಕುಗ್ಗಿರುತ್ತದೆ, ಈ ಆ್ಯಪ್‌ಗಳು ಹುಡುಕುವ ಸೂಕ್ಷ್ಮ ಗುರುತುಗಳು ಅಷ್ಟರಲ್ಲಿ ಅಳಿಸಿ ಹೋಗಿರುತ್ತವೆ. ಅಸಲಿಯನ್ನು ನಕಲಿ ಎನ್ನುವುದೂ ಉಂಟು, ನಕಲಿಯನ್ನು ಅಸಲಿ ಎನ್ನುವುದೂ ಉಂಟು. ಗೂಗಲ್‌ನ ಎಐ ಮಾಡಿದ ಚಿತ್ರಗಳಲ್ಲಿ ಸಿಂಥ್‌ಐಡಿ ಎಂಬ ಕಣ್ಣಿಗೆ ಕಾಣದ ಗುರುತಿರುತ್ತದೆ. ಅದು ಪತ್ತೆಯಾದರೆ ಚಿತ್ರ ಎಐನದೇ ಎಂದು ನಂಬಬಹುದು, ಪತ್ತೆಯಾಗದಿದ್ದರೆ ಏನೂ ಹೇಳಲಾಗದು.

ಉಲ್ಟಾ ತಪ್ಪೂ ಆಗುತ್ತದೆ. ಮೊಬೈಲ್ ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಇಡೀ ಚಿತ್ರ ಓದಲು ಸೆಕೆಂಡಿನ 50ರ ಒಂದು ಭಾಗ ಹಿಡಿದರೆ ಅಷ್ಟರಲ್ಲಿ ಜೆಟ್ ಆರು ಮೀಟರ್ ಮುಂದೆ ಹೋಗಿರುತ್ತದೆ. ಬಾಲ ವಾಲಿದಂತೆ, ಮೈ ಹಿಗ್ಗಿದಂತೆ ಬರುವುದು ಅದಕ್ಕೇ. ಎಟಿಆರ್‌ನಂಥ ಸಣ್ಣ ವಿಮಾನದ ಕಿಟಕಿಯಿಂದ ಮೊಬೈಲ್‌ನಲ್ಲಿ ಪ್ರೊಪೆಲ್ಲರ್ ಫೋಟೋ ತೆಗೆದರೆ ಅದರ ಅಲಗುಗಳು ಕುಡುಗೋಲಿನಂತೆ ಬಾಗಿ, ಬುಡ ಬಿಟ್ಟು ತೇಲಿದಂತೆ ಬರುತ್ತವೆ. ನೋಡಿದವರು ಫೋಟೋಶಾಪ್ ಎನ್ನುತ್ತಾರೆ. ಅದು ಅಸಲಿ. ಜೆಟ್ಟಿನ ಹಿಂದಿನ ಬೆಂಕಿಯಲ್ಲಿ ಮಣಿಸರದಂತೆ ಹೊಳೆಯುವ ಬಿಂದುಗಳೂ ಅಸಲಿಯೇ. ನಳಿಕೆಯಿಂದ ಬರುವ ಅನಿಲದ ಒತ್ತಡ ಹೊರಗಿನ ಒತ್ತಡಕ್ಕೆ ಹೊಂದದಿದ್ದಾಗ ಹಾಗೆ ಆಗುತ್ತದೆ.

ಹೈವೇ ಫೋಟೋ ವಿಚಾರ ಚಿಕ್ಕದು. ನಮ್ಮ ವಾಯುಪಡೆ ಹೆದ್ದಾರಿಯಲ್ಲಿ ಇಳಿದಿರುವುದು ನಿಜ. 2015ರ ಮೇ 21ರಂದು ಮಿರಾಜ್ 2000 ಯಮುನಾ ಎಕ್ಸ್‌ಪ್ರೆಸ್‌ವೇ ಮೇಲೆ ಇಳಿಯಿತು. ಆಗ್ರಾ–ಲಖನೌ ಹೆದ್ದಾರಿಯಲ್ಲೂ ಇಳಿದಿವೆ. ರಾಜಸ್ಥಾನದ ಬಾಡಮೇರ್ ಬಳಿ ರಾಷ್ಟ್ರೀಯ ಹೆದ್ದಾರಿ 925ಎ ಮೇಲಿನ ತುರ್ತು ಇಳಿದಾಣ 2021ರ ಸೆಪ್ಟೆಂಬರ್ 9ರಂದು ಉದ್ಘಾಟನೆಯಾಯಿತು. ಅದು 3 ಕಿ.ಮೀ. ಉದ್ದ, 33 ಮೀಟರ್ ಅಗಲ. ಫೋಟೋ ಬಂದರೆ ರಸ್ತೆಯ ನಡುಭಾಗ ನೋಡಿ. ಇಂಥ ಕಡೆ ಕಾಯಂ ಡಿವೈಡರ್, ಕಂಬ, ಗಿಡ ಇರುವುದಿಲ್ಲ; ಬದಿಯಲ್ಲಿ ಬೇಲಿ, ವಾಹನ ಸಂಚಾರ ಬಂದ್. ಕೊಪ್ಪಳ–ಹೊಸಪೇಟೆ ರಸ್ತೆಯಂತೆ ನಡುವೆ ಕಣಗಿಲೆ ಗಿಡದ ಸಾಲಿದ್ದು, ಪಕ್ಕದ ಲೇನಿನಲ್ಲಿ ಲಾರಿ ಓಡುತ್ತಿದ್ದರೆ ನಂಬಬೇಡಿ. ಮಿರಾಜ್‌ನ ರೆಕ್ಕೆ ಒಂಬತ್ತು ಮೀಟರ್‌ಗೂ ಹೆಚ್ಚು ಅಗಲ, ಒಂದು ಬದಿಯ ಲೇನುಗಳ ಒಳಗೆ ಅದು ಸುರಕ್ಷಿತವಾಗಿ ಓಡಲಾರದು.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಗುಂಪಿನೊಳಗೆ ವಾದಿಸುವುದು ಬೇರೆ, ‘ನಮ್ಮ ಡ್ಯಾಂ ಮೇಲೆ ಫೈಟರ್ ಹಾರಿತು’ ಎಂದು ಊರಿಗೆಲ್ಲ ಹಂಚುವುದು ಬೇರೆ. 2025ರ ಮೇ ತಿಂಗಳಿನಲ್ಲಿ ಗಡಿಯಲ್ಲಿ ಸಂಘರ್ಷ ನಡೆದಾಗ ವಿಡಿಯೋ ಗೇಮ್ ತುಣುಕುಗಳು ಯುದ್ಧದ ದೃಶ್ಯವೆಂದು ಹರಿದಾಡಿ ಜನರನ್ನು ಹೆದರಿಸಿದವು. ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್‌ಗೆ ಇಂಥವನ್ನು ಕಳಿಸಬಹುದು. ಪುರಾವೆಗಾಗಿ ನೀವೇ ಡ್ಯಾಂ ಹತ್ತಿರ ಡ್ರೋನ್ ಹಾರಿಸಲು ಹೋಗಬೇಡಿ, ಕಾನೂನಿನ ತೊಡಕಾಗುತ್ತದೆ.

ಇನ್ನು ಪಣ. ಶಬ್ದವೇಗ ದಾಟಿತು ಎಂದವರು ಸೋತರು, ಆದರೆ ಮೋಡ ಅಸಲಿ ಎಂಬ ಅವರ ಮಾತು ನಿಂತಿತು. ಎಐ ಎಂದ ಗ್ಯಾರೇಜ್ ಗೆಳೆಯರು ಕಾರಣದಲ್ಲಿ ತಪ್ಪಿದರು. ಫೋಟೋ ನಂಬಬಾರದು ಎಂಬ ತೀರ್ಮಾನದಲ್ಲಿ ಗೆದ್ದರು. ಪಣ ಕಟ್ಟಿದ್ದು ‘ಈ ಫೋಟೋ ನಿಜವೋ ಸುಳ್ಳೋ’ ಎಂದಾದ್ದರಿಂದ, ನನ್ನ ಲೆಕ್ಕದಲ್ಲಿ ಈ ಭಾನುವಾರದ ನಾಷ್ಟಾ ದುಡ್ಡು ಗ್ಯಾರೇಜ್ ಗೆಳೆಯರು ಕೊಡಬೇಕಾಗಿಲ್ಲ.